ರೇಖೆಯಲ್ಲಿ ಮೂಡಿದ ರಂಗವೈಭವ

ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ ಭರತಮುನಿಯು, ಉಡುಗೆ ತೊಡುಗೆಗಳನ್ನು ನಟನ ಮೈಮೇಲೆ ಹೊರಿಸಿದ ಬರಿಯ ಅಲಂಕಾರವೆಂದು ಬಗೆಯದೆ, ಅವೂ ಅಭಿನಯದ ಒಂದಂಗವೆಂದೇ ಎಣಿಸಿದನು. ಆ ಎಣಿಕೆಯ ಔಚಿತ್ಯವನ್ನು ಕಾಣಲು ಪ್ರಾಚೀನ ರಂಗಭೂಮಿಯನ್ನೇ ನೆನೆಯಬೇಕಾಗಿಲ್ಲ. ನಮಗಿಂತ ಒಂದು ಶತಮಾನದಷ್ಟೇ ಹಿಂದಿನ ಪ್ಯಾರಿಸ್, ನ್ಯೂಯಾರ್ಕ್, ಹಾಲಿವುಡ್‌ಗಳ ರಂಜನೋದ್ಯಮವನ್ನು ನೋಡಿದರೂ ಸಾಕು. ಅಲ್ಲಿ ಎಷ್ಟೋ ವೇಳೆ ಕಥೆಯು ನೆಪಮಾತ್ರವಾಗಿ, ಹಾಡು ಹಿಮ್ಮೇಳಮಾತ್ರವಾಗಿ, ಗರಿ, ಮಣಿ, ಚಮಕಿ, ರೇಷ್ಮೆಗಳಿಂದ ರಚಿತವಾದ ಉಡುಪೇ ಮುಖ್ಯಪಾತ್ರವನ್ನು ವಹಿಸುತ್ತಿದ್ದಿತು. ಆ ಉಡುಪುಗಳಲ್ಲಿ ಬಹುಭಾಗವು ಬೆವರಿಗೂ ದೀಪದ ಕಾವಿಗೂ ನುಸಿಗೂ ತುತ್ತಾಗಿಯೋ, ಮುಂದಿನ ಪ್ರದರ್ಶನಕ್ಕಾಗಿ ಬಿಚ್ಚಿ ಬೇರೆಯಾಗಿ ಹೊಲಿಯಲ್ಪಟ್ಟೋ ಕಣ್ಮರೆಯಾಗಿ ಹೋಗಿದೆ. ಉಳಿದು ಬಂದಿರುವುದು ಹೆಚ್ಚಾಗಿ ಅವುಗಳ ಮೊದಲ ರೂಪವಾದ ರೇಖಾಚಿತ್ರಗಳು. ಹೊಲಿಗೆಯ ಮನೆಯಲ್ಲಿ ಕೈಯಿಂದ ಕೈಗೆ ಸಾಗಿ, ಕೆಲಸ ಮುಗಿದ ಮೇಲೆ ಮೂಲೆ ಸೇರಬೇಕಾಗಿದ್ದ ಕಾಗದಗಳು.

ಇಂತಹ ಕಾಗದಗಳಿಗೆ ಕಾಲಾನಂತರದಲ್ಲಿ ಒದಗಿದ ಮನ್ನಣೆಯು ಸಾಮಾನ್ಯವಾದುದಲ್ಲ. ಎರ್ಟೆ ಎಂಬ ಕಲಾವಿದನು ರಚಿಸಿದ್ದ ಚಿತ್ರಗಳ ಪ್ರದರ್ಶನವೊಂದು 1967ರಲ್ಲಿ ನ್ಯೂಯಾರ್ಕಿನಲ್ಲಿ ನಡೆದಾಗ, ಅಲ್ಲಿಯ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಆ ಪ್ರದರ್ಶನವನ್ನು ಸಮಗ್ರವಾಗಿ ಕೊಂಡುಕೊಂಡಿತು. ಇಂದು ನೃತ್ಯನಾಟಕಕ್ಕಾಗಲಿ, ಸಂಗೀತದ ರಾತ್ರಿಗಾಗಲಿ, ಚಲನಚಿತ್ರದ ಹಾಡಿಗಾಗಲಿ ಬೆಡಗಿನ ಉಡುಪನ್ನು ಕಲ್ಪಿಸಬೇಕೆನ್ನುವ ಯುವಕ ಯುವತಿಯರು ಮತ್ತೆ ಮತ್ತೆ ಆ ಹಳೆಯ ಹಾಳೆಗಳ ಕಡೆಗೇ ತಿರುಗುತ್ತಾರೆ. ಆದರೆ ಅಲ್ಲಿಂದ ಅವರು ತರುವುದು ಬಹಳ ವೇಳೆ ಗರಿಯನ್ನು, ಮಿಂಚನ್ನು, ಉದ್ದನೆಯ ಸೆರಗನ್ನು ಮಾತ್ರ. ಆ ಗರಿಯು ಅಲ್ಲಿಗೇಕೆ ಬಂದಿತು, ಆ ಸೆರಗು ಅಷ್ಟುದ್ದವೇಕಾಯಿತು ಎಂಬ ಪ್ರಶ್ನೆಯನ್ನು ಕೇಳಿಕೊಂಡವರಿಗೆ, ಹಳೆಯ ವೈಭವವೆಂಬುದು ಮನಸ್ವೀ ವಿಲಾಸವಲ್ಲವೆಂದೂ, ದೀಪ, ದೂರ, ಚಲನೆ ಎಂಬ ಮೂರು ಕಠಿಣ ನಿಯಮಗಳಿಗೆ ದೊರೆತ ಉತ್ತರವೆಂದೂ ಮನವರಿಕೆಯಾಗದಿರದು.

ವೇಷದ ರೇಖಾಚಿತ್ರವು ಚಿತ್ರಕಲೆಯ ಇತರ ಪ್ರಕಾರಗಳಿಂದ ಭಿನ್ನವಾದುದು. ಭಾವಚಿತ್ರವು ತಾನೇ ಕೊನೆಯ ವಸ್ತು. ವೇಷದ ಚಿತ್ರವಾದರೋ ಇನ್ನೂ ಹುಟ್ಟಬೇಕಾದ ವಸ್ತುವೊಂದರ ಮುನ್ಸೂಚನೆ. ಅದನ್ನು ಓದುವವರು ಹಲವರು. ಹಣ ಹಾಕುವ ಒಡೆಯನೂ ಉಡುವ ನಟಿಯೂ ಅದರಲ್ಲಿ ಒಂದು ಆಸೆಯನ್ನು ಕಾಣಬೇಕು. ಕತ್ತರಿ ಹಿಡಿದ ದರ್ಜಿಯು ಅದರಲ್ಲಿ ಹೊಲಿಗೆ ಎಲ್ಲಿ, ನಿರಿಗೆ ಎಲ್ಲಿ, ತೆರಪು ಎಲ್ಲಿ ಎಂಬ ಆದೇಶವನ್ನು ಕಾಣಬೇಕು. ಇವರಲ್ಲದೆ, ಆ ಕಾಗದವನ್ನು ಎಂದಿಗೂ ನೋಡದೆ ಕಟ್ಟಕಡೆಯ ಸಾಲಿನಲ್ಲಿ ಕುಳಿತಿರುವ ಪ್ರೇಕ್ಷಕನ ಕಣ್ಣನ್ನೂ ಚಿತ್ರಕಾರನು ತನ್ನ ಕಣ್ಣಾಗಿ ಮಾಡಿಕೊಂಡಿರಬೇಕು. ಒಬ್ಬರನ್ನು ಒಲಿಸಿ ಇನ್ನೊಬ್ಬರನ್ನು ಮರೆತ ಚಿತ್ರವು ಎಷ್ಟೇ ಸುಂದರವಾಗಿರಲಿ, ರಂಗದ ಮೇಲೆ ಸೋಲುತ್ತದೆ.

ಮೊದಲನೆಯದಾಗಿ ದೀಪದ ಮಾತು. ಲಂಡನ್ನಿನ ಸವಾಯ್ ರಂಗಮಂದಿರವು 1881ರಲ್ಲಿ ವಿದ್ಯುದ್ದೀಪಗಳಿಂದ ಬೆಳಗಿದ ಮೇಲೆ ಯೂರೋಪಿನ ರಂಗಭೂಮಿಗಳು ಒಂದೊಂದಾಗಿ ಅನಿಲದ ಮಂಕು ಜ್ವಾಲೆಯನ್ನು ತೊರೆದುವು. ಹಳೆಯ ಬೆಳಕಿನಲ್ಲಿ ಸಂದಿದ್ದ ಒರಟು ಬಣ್ಣಗಳೂ ಅಗ್ಗದ ಬೇಗಡೆಯೂ ಹೊಸ ಬೆಳಕಿನಲ್ಲಿ ಬಯಲಾಗತೊಡಗಿದುವು. ಅದರೊಡನೆಯೇ ಬೆಳಕನ್ನು ಬೇಕಾದಂತೆ ಬಣ್ಣಗೊಳಿಸುವ, ತಿರುಗಿಸುವ, ಒಂದೇ ಬಿಂದುವಿನ ಮೇಲೆ ಕೂಡಿಸುವ ಸಾಮರ್ಥ್ಯವೂ ಕಲಾವಿದರಿಗೆ ಕೈವಶವಾಯಿತು. ಇದನ್ನು ಎಲ್ಲರಿಗಿಂತ ಮೊದಲು ಅರಿತವರಲ್ಲಿ ಅಮೆರಿಕದ ನರ್ತಕಿ ಲೋಯಿ ಫುಲ್ಲರ್ ಒಬ್ಬಳು. 1892ರಲ್ಲಿ ಪ್ಯಾರಿಸಿನ ಫೋಲಿ ಬರ್ಜೇರ್ ರಂಗಶಾಲೆಯಲ್ಲಿ ಆಕೆ ಗಜಗಟ್ಟಲೆ ಬಿಳಿಯ ರೇಷ್ಮೆಯನ್ನು ಸುತ್ತಿ ಬೀಸಿ, ಅದರ ಮೇಲೆ ಬಣ್ಣಬಣ್ಣದ ಬೆಳಕನ್ನು ಹಾಯಿಸಿಕೊಂಡು ಕುಣಿದಾಗ, ಜನ ಕಂಡದ್ದು ಹೆಣ್ಣನ್ನಲ್ಲ, ಹೂವನ್ನು, ಚಿಟ್ಟೆಯನ್ನು, ಜ್ವಾಲೆಯನ್ನು. ತೋಳನ್ನು ನೀಳವಾಗಿಸುವ ಕೋಲುಗಳನ್ನು ಒಳಗೆ ಅಡಗಿಸಿಟ್ಟ ಆ ಉಡುಪಿಗೆ ಆಕೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೂ ಪಡೆದಳು. ಅದರೊಡನೆ ಸಲ್ಲಿಸಿದ ರೇಖಾಚಿತ್ರದಲ್ಲಿ ಸೊಬಗಿನ ಲೇಶವೂ ಇಲ್ಲ. ಯಂತ್ರವೊಂದರ ನಕ್ಷೆಯಂತೆ ಕೋಲು ಎಲ್ಲಿ, ಬಟ್ಟೆ ಎಲ್ಲಿ ಎಂಬುದಷ್ಟೇ ಇದೆ. ರಂಗದ ಮಾಯೆಯೆಲ್ಲವೂ ಇಂತಹ ಒಣ ರೇಖೆಯೊಂದರ ಮೇಲೆ ನಿಂತಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಫುಲ್ಲರ್ ತೋರಿದ ಚಲನೆಯ ತತ್ತ್ವವನ್ನು ಬಣ್ಣದ ವೈಭವದೊಡನೆ ಕಾಗದಕ್ಕೆ ಇಳಿಸಿದವನು ರಷ್ಯದ ಲಿಯೋನ್ ಬಾಕ್ಸ್ಟ್. ಸರ್ಗೇಯಿ ದಿಯಾಗಿಲೆಫ್‌ನ ನೃತ್ಯತಂಡವು 1909ರಲ್ಲಿ ಪ್ಯಾರಿಸಿಗೆ ಬಂದಾಗ, ಮಾಸಲು ಬಣ್ಣಗಳಿಗೆ ಒಗ್ಗಿಹೋಗಿದ್ದ ಆ ನಗರವು ಬಾಕ್ಸ್ಟನ ವರ್ಣೋತ್ಸವವನ್ನು ಕಂಡು ಬೆರಗಾಯಿತು. ಮರುವರ್ಷ, 1910ರಲ್ಲಿ, ಅರಬ್ಬೀ ಕಥೆಗಳ ಆಧಾರದ 'ಶೆಹರಜಾದೆ' ರಂಗವನ್ನೇರಿದಾಗ, ಪಚ್ಚೆಯ ಹಸುರಿನ ಪಕ್ಕದಲ್ಲಿಯೇ ನೀಲಿ, ಅದರ ಮಗ್ಗುಲಲ್ಲಿಯೇ ಕಿತ್ತಳೆ ಎಂಬಂತೆ ಸಭ್ಯರು ಒಟ್ಟಿಗಿರಿಸಲು ಅಂಜುತ್ತಿದ್ದ ಬಣ್ಣಗಳು ಒಂದನ್ನೊಂದು ಕೂಗಿ ಕರೆದುವು. ಪೋಲ್ ಪುವಾರೆಯಂತಹ ಉಡುಪುಕಾರರು ಅದೇ ಕಾಲದಲ್ಲಿ ಪೌರ್ವಾತ್ಯ ಶೈಲಿಯ ರುಮಾಲನ್ನೂ ಸಡಿಲವಾದ ಸಲ್ವಾರನ್ನೂ ಶ್ರೀಮಂತ ಮಹಿಳೆಯರಿಗೆ ತೊಡಿಸಿದುದರಿಂದ, ರಂಗದ ರುಚಿಯು ಬೀದಿಗೂ ಹರಿಯಿತು. ಭಾರತದ ಹೆಸರಿನಲ್ಲಿ ಯೂರೋಪು ಕಂಡ ಕನಸೊಂದೂ ಇದರಲ್ಲಿ ಸೇರಿತ್ತು: 1912ರ 'ನೀಲ ದೇವತೆ' ಎಂಬ ನೃತ್ಯನಾಟಕಕ್ಕೆ ಬಾಕ್ಸ್ಟನು ರಚಿಸಿದ ವೇಷಗಳಲ್ಲಿ ನಮ್ಮ ದೇವಾಲಯದ ಶಿಲ್ಪವನ್ನೂ ಕಾಂಬೋಜದ ಕಿರೀಟವನ್ನೂ ಅವನದೇ ಕಲ್ಪನೆಯನ್ನೂ ಬೇರ್ಪಡಿಸಲಾಗದಂತೆ ಹೆಣೆಯಲಾಗಿದೆ.

ಬಾಕ್ಸ್ಟನ ಚಿತ್ರಗಳನ್ನು ನೋಡುವವರಿಗೆ ಮೊದಲು ಕಾಣುವ ಗುಣವೆಂದರೆ, ಅವುಗಳಲ್ಲಿ ಯಾರೂ ಸುಮ್ಮನೆ ನಿಂತಿಲ್ಲವೆಂಬುದು. ನರ್ತಕಿಯ ನಡು ಬಳುಕಿದೆ, ಶಿರ ಹಿಂದಕ್ಕೆ ಬಾಗಿದೆ, ಸೆರಗು ಗಾಳಿಯಲ್ಲಿ ಸುರುಳಿಯಾಗಿದೆ. ಬಟ್ಟೆಯು ಮೈಯನ್ನು ಮುಚ್ಚುವುದಕ್ಕಿಂತ ಮೈಯ ಗತಿಯನ್ನು ಮುಂದುವರಿಸುತ್ತದೆ. ಹಾಗೆಂದು ಅವನು ಸ್ವಪ್ನದಲ್ಲಿಯೇ ಮುಳುಗಿದ್ದವನಲ್ಲ. ಹಾಳೆಯ ಅಂಚುಗಳಲ್ಲಿ ಬಟ್ಟೆಯ ಬಗೆ, ಬಣ್ಣ, ಹೊಲಿಗೆಯ ವಿಧಾನಗಳನ್ನು ಕುರಿತು ಕೆಲಸಗಾರರಿಗೆ ಸೂಚನೆಗಳನ್ನು ಬರೆಯುತ್ತಿದ್ದನು. 1911ರ 'ಗುಲಾಬಿಯ ಛಾಯೆ' ಎಂಬ ನೃತ್ಯನಾಟಕದಲ್ಲಿ ನರ್ತಕ ನಿಜಿನ್‌ಸ್ಕಿ ಧರಿಸಿದ ಉಡುಪಿಗೆ ರೇಷ್ಮೆಯ ಎಸಳುಗಳನ್ನು ಅಂಟಿದಂತೆ ಹೊಲಿಯಲಾಗಿತ್ತು. ನೆಗೆತದಲ್ಲಿ ಉದುರಿದ ಎಸಳುಗಳನ್ನು ಅವನ ಪರಿಚಾರಕನು ಅಭಿಮಾನಿಗಳಿಗೆ ಮಾರಿ ಮನೆಯನ್ನೇ ಕಟ್ಟಿಸಿದನೆಂಬ ಹರಟೆಯೊಂದು ರಂಗವಲಯದಲ್ಲಿ ಬಹುಕಾಲ ಓಡಾಡಿತು.

ಬಾಕ್ಸ್ಟನದು ಬಳುಕಿನ ವೈಭವವಾದರೆ, ಎರ್ಟೆಯದು ನಿಲುವಿನ ವೈಭವ. ರೋಮಾಂ ದ ತಿರ್ತೋಫ್ ಎಂಬುದು ಅವನ ನಿಜನಾಮ; ಹುಟ್ಟಿದ್ದು 1892ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ನೌಕಾಧಿಕಾರಿಗಳ ಮನೆತನದಲ್ಲಿ. ಯೌವನದಲ್ಲಿಯೇ ಪ್ಯಾರಿಸಿಗೆ ಬಂದು ಪುವಾರೆಯ ಬಳಿ ಕೈಪಳಗಿಸಿಕೊಂಡ ಅವನು 1915ರಿಂದ ಎರಡು ದಶಕಗಳ ಕಾಲ 'ಹಾರ್ಪರ್ಸ್ ಬಜಾರ್' ಪತ್ರಿಕೆಗೆ ಮುಖಪುಟಗಳನ್ನು ಬರೆದನು. 1919ರಿಂದ ಫೋಲಿ ಬರ್ಜೇರ್‌ಗೆ ವೇಷಗಳನ್ನು ಕಲ್ಪಿಸಿದನು. ಆ ರಂಗಶಾಲೆಯ ಪ್ರದರ್ಶನಗಳಲ್ಲಿ ವಿಶಾಲವಾದ ಸೋಪಾನಪಂಕ್ತಿಯೊಂದನ್ನು ನಿರ್ಮಿಸಿ, ಅದರ ಮೇಲಿನಿಂದ ಸುಂದರಿಯರನ್ನು ಮೆಲ್ಲಮೆಲ್ಲನೆ ಇಳಿಸಿ ತರುವುದು ವಾಡಿಕೆಯಾಗಿದ್ದಿತು. ಎರ್ಟೆಯ ಉಡುಪುಗಳ ಉದ್ದನೆಯ ಸೆರಗಿನ ರಹಸ್ಯವಿರುವುದು ಇಲ್ಲಿಯೇ. ಸಮತಲದಲ್ಲಿ ನೆಲ ಗುಡಿಸುವ ಸೆರಗು ಮೆಟ್ಟಿಲ ಮೇಲೆ ಜಲಪಾತದಂತೆ ಹರಡಿ, ಹಿಂದಿನ ಸಾಲಿನವರಿಗೂ ತನ್ನ ಪೂರ್ಣ ವಿಸ್ತಾರವನ್ನು ತೋರಿಸುತ್ತದೆ. ತಲೆಯ ಮೇಲಿನ ಗರಿಯ ಕಿರೀಟವು ಒಬ್ಬಳ ಎತ್ತರವನ್ನು ಒಂದೂವರೆಯಾಗಿಸಿ, ಮಹಾರಂಗದಲ್ಲಿ ಮಾನವಶರೀರವು ಕಳೆದುಹೋಗದಂತೆ ಕಾಪಾಡುತ್ತದೆ. ಹಲವು ನಟಿಯರ ಉಡುಪುಗಳನ್ನು ಒಂದಕ್ಕೊಂದು ಜೋಡಿಸಿ, ಎಲ್ಲರೂ ಸೇರಿ ಒಂದೇ ಪರದೆಯಾಗುವಂತೆಯೂ ಅವನು ಕಲ್ಪಿಸುತ್ತಿದ್ದನು.

ಇದೇ ಪ್ಯಾರಿಸಿನ ಮಾದರಿಯನ್ನು ಅಟ್ಲಾಂಟಿಕ್ ದಾಟಿಸಿದವನು ಫ್ಲೋರೆನ್ಸ್ ಜೀಗ್‌ಫೆಲ್ಡ್. 1907ರಲ್ಲಿ ನ್ಯೂಯಾರ್ಕಿನಲ್ಲಿ ಅವನು ಆರಂಭಿಸಿದ 'ಫಾಲೀಸ್' ಪ್ರದರ್ಶನಗಳಿಗೆ ಉಡುಪುಗಳನ್ನು ರಚಿಸಿದವರಲ್ಲಿ, ಟೈಟಾನಿಕ್ ದುರಂತದಿಂದ ಪಾರಾಗಿ ಬಂದಿದ್ದ ಲೇಡಿ ಡಫ್ ಗಾರ್ಡನ್ ಎಂಬ ಉಡುಪುಕಾರ್ತಿಯೂ ಒಬ್ಬಳು. ಹಾಡಲೂ ಕುಣಿಯಲೂ ಬಾರದ ಹುಡುಗಿಯೊಬ್ಬಳು ಬರಿದೆ ನಡೆದು ಬಂದೇ ಸಭೆಯನ್ನು ಗೆಲ್ಲಬಲ್ಲಳೆಂಬುದು ಅಲ್ಲಿ ಸಿದ್ಧವಾಯಿತು. ಆ ಗೆಲವಿನಲ್ಲಿ ಉಡುಪಿನ ಪಾಲೆಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಚಲನಚಿತ್ರವು ಬಂದಮೇಲೆ ದೂರದ ನಿಯಮವು ಸಡಿಲಿತು, ದೀಪದ ನಿಯಮವು ಬಿಗಿಯಾಯಿತು. ಕ್ಯಾಮೆರಾ ನಟಿಯ ಕೊರಳ ಬಳಿಗೇ ಬಂದು ನಿಲ್ಲುವುದರಿಂದ ಅಲ್ಲಿ ಒರಟು ಕೆಲಸವು ಸಲ್ಲದು. ಕಪ್ಪು ಬಿಳುಪಿನ ಪರದೆಯಲ್ಲಿ ವರ್ಣಗಳೇ ಇಲ್ಲದುದರಿಂದ ಬಟ್ಟೆಯ ಹೊಳಪೇ ವರ್ಣದ ಕೆಲಸವನ್ನು ಮಾಡಬೇಕು. ಮೂವತ್ತರ ದಶಕದ ತಾರೆಯರು ಸ್ಯಾಟಿನ್ನನ್ನು ಅಷ್ಟೊಂದು ಉಟ್ಟದ್ದು ಈ ಕಾರಣದಿಂದಲೇ. ಆ ಬಟ್ಟೆಯನ್ನು ನೇಯ್ಗೆಯ ಎಳೆಗೆ ಓರೆಯಾಗಿ ಕತ್ತರಿಸುವ ವಿಧಾನವನ್ನು, ನಮ್ಮ ದರ್ಜಿಗಳು ರವಿಕೆಯ ವಿಷಯದಲ್ಲಿ ಕ್ರಾಸ್ ಕಟ್ ಎನ್ನುವ ಆ ವಿಧಾನವನ್ನೇ, ಪ್ಯಾರಿಸಿನ ಮಾದಲೀನ್ ವಿಯೋನೆ ಇಡಿಯ ಉಡುಪಿಗೆ ಅನ್ವಯಿಸಿ ಮೇಲ್ಮಟ್ಟಕ್ಕೆ ಏರಿಸಿದ್ದಳು. ಎಂ.ಜಿ.ಎಂ. ಚಿತ್ರಸಂಸ್ಥೆಯ ಉಡುಪುಕಾರ ಏಡ್ರಿಯನ್ ಅಂತಹ ಸ್ಯಾಟಿನ್ನನ್ನು ತಾರೆ ಜೀನ್ ಹಾರ್ಲೊಗೆ ಉಡಿಸಿದಾಗ, ಬೆಳಕು ಬಟ್ಟೆಯ ಮೇಲೆ ನೀರಿನಂತೆ ಹರಿಯಿತು. ವರ್ಣಚಿತ್ರವು ಕಾಲಿಟ್ಟಾಗ ಅದೇ ಏಡ್ರಿಯನ್ ಬೇರೊಂದು ಪಾಠವನ್ನು ಕಲಿಯಬೇಕಾಯಿತು: 1939ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದಲ್ಲಿ, ಮೂಲ ಕಥೆಯಲ್ಲಿ ಬೆಳ್ಳಿಯದಾಗಿದ್ದ ಪಾದರಕ್ಷೆಗಳು ವರ್ಣಫಿಲ್ಮಾದ ಟೆಕ್ನಿಕಲರ್‌ಗಾಗಿ ಮಾಣಿಕ್ಯದ ಕೆಂಪಾದುವು; ಉಜ್ವಲವಾದ ಕೆಂಪು ಆ ಫಿಲ್ಮಿನಲ್ಲಿ ಕಿತ್ತಳೆಯಾಗಿ ತೋರುವುದರಿಂದ ಅವುಗಳಿಗೆ ಹೊಲಿದ ಚಮಕಿಯು ಕಡುಗೆಂಪಿನದಾಗಿದ್ದಿತು.

ಹಾಲಿವುಡ್ಡಿನ ಸ್ಟೂಡಿಯೋಗಳಲ್ಲಿ ವೇಷವನ್ನು ಚಿತ್ರಿಸುವುದೇ ಒಂದು ಪ್ರತ್ಯೇಕ ವೃತ್ತಿಯಾಯಿತು. ಕಲ್ಪನೆ ಒಬ್ಬರದು, ಅದನ್ನು ಅಂದವಾಗಿ ಬರೆದು ತೋರಿಸುವ ಕೈ ಇನ್ನೊಬ್ಬರದು. ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿ ಈ ಕ್ಷೇತ್ರದ ಸಾಮ್ರಾಜ್ಞಿಯೆನಿಸಿದ ಈಡಿತ್ ಹೆಡ್, ಇಪ್ಪತ್ತರ ದಶಕದಲ್ಲಿ ಪ್ಯಾರಮೌಂಟ್ ಸಂಸ್ಥೆಯಲ್ಲಿ ಇಂತಹ ಚಿತ್ರಕಾರ್ತಿಯ ಕೆಲಸಕ್ಕೆ ಹೋದಾಗ, ತನಗೆ ಚಿತ್ರಿಸುವ ಕೌಶಲ ಸಾಲದೆಂದು ಕಲಾಶಾಲೆಯ ಸಹಪಾಠಿಗಳ ಚಿತ್ರಗಳನ್ನೇ ತನ್ನವೆಂದು ಮುಂದಿರಿಸಿ ಕೆಲಸ ಗಿಟ್ಟಿಸಿದ ಪ್ರಸಂಗವನ್ನು ಆಕೆಯೇ ಬಳಿಕ ಸಂಕೋಚವಿಲ್ಲದೆ ಹೇಳಿಕೊಂಡಿದ್ದಳು. 1962ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನೆಡಿಯ ಹುಟ್ಟುಹಬ್ಬದ ಸಮಾರಂಭದಲ್ಲಿ ಮರಿಲಿನ್ ಮನ್ರೋ ಧರಿಸಿದ, ಸುಮಾರು 2,500 ಹೊಳೆಗಲ್ಲುಗಳ ಉಡುಪು ಜೀನ್ ಲೂಯಿಯ ರಚನೆ. ಆದರೆ ಅದರ ರೇಖಾಚಿತ್ರವನ್ನು ಬರೆದುಕೊಟ್ಟವನು ಆಗ ಇಪ್ಪತ್ತರ ಹರೆಯದಲ್ಲಿದ್ದ ಸಹಾಯಕ ಬಾಬ್ ಮ್ಯಾಕಿ. ಆ ಉಡುಪಿನ ಬಟ್ಟೆಯು ಚರ್ಮದ ಬಣ್ಣದ್ದಾಗಿ ಕಣ್ಣಿಗೆ ಬೀಳದಂತಿದ್ದು, ದೀಪದ ಕೆಳಗೆ ಕಲ್ಲುಗಳು ಮಾತ್ರ ಉರಿಯುವಂತೆ ಯೋಜಿತವಾಗಿದ್ದಿತು. ಬೆಳಕಿಲ್ಲದೆ ಅದು ಅಪೂರ್ಣ. ಬೆಳಕೇ ಅದರ ಕೊನೆಯ ಹೊಲಿಗೆ.

ಹಾಗಾದರೆ ಇಂದು ಕಾಗದದ ಮುಂದೆ ಕುಳಿತವರು ಮಾಡಬೇಕಾದುದೇನು? ಪಳಗಿದ ಚಿತ್ರಕಾರರು ಉಡುಪಿನಿಂದ ಆರಂಭಿಸದೆ ಪ್ರವೇಶದಿಂದ ಆರಂಭಿಸುತ್ತಾರೆ. ಪಾತ್ರವು ಎಡದಿಂದ ಬರುವುದೋ, ಮೇಲಿನಿಂದ ಇಳಿಯುವುದೋ, ಹಾಡಿನ ನಡುವೆ ಸುತ್ತುವುದೋ, ಕೂರುವುದೋ ಎಂಬುದು ನಿಶ್ಚಯವಾಗದೆ ಸೆರಗಿನ ಉದ್ದವೂ ಲಂಗದ ಘೇರವೂ ನಿಶ್ಚಯವಾಗಲಾರವು. ಆಮೇಲೆ ಬೆರಳಗಲದ ಹತ್ತಾರು ಪುಟ್ಟ ಆಕೃತಿಗಳನ್ನು, ಒಳವಿವರಗಳಾವುವೂ ಇಲ್ಲದೆ ಅಪ್ಪಟ ಕಪ್ಪು ನೆರಳುಗಳಂತೆ ತುಂಬಿ ಬರೆಯಬೇಕು. ಕೋಣೆಯ ಆ ತುದಿಯಿಂದ ನೋಡಿದಾಗ ಯಾವ ನೆರಳು ಕಣ್ಣು ಹಿಡಿಯುವುದೋ ಅದೇ ಕೊನೆಯ ಸಾಲಿನವನನ್ನೂ ತಲುಪುವುದು. ಹೊರರೇಖೆಯಲ್ಲಿ ಸೋತುದನ್ನು ಕಸೂತಿಯಿಂದ ಗೆಲ್ಲಿಸಲಾಗದು.

ಆಕೃತಿ ಗೊತ್ತಾದಮೇಲೆ ದೇಹದ ಪ್ರಮಾಣ. ಸಾಧಾರಣ ಮನುಷ್ಯನ ಎತ್ತರವು ಅವನ ತಲೆಯ ಏಳೂವರೆಯಷ್ಟಿದ್ದರೆ, ಉಡುಪಿನ ಚಿತ್ರಗಳಲ್ಲಿ ಅದನ್ನು ಒಂಬತ್ತರವರೆಗೂ ಹಿಗ್ಗಿಸಿ, ಆ ಹೆಚ್ಚಿಗೆಯನ್ನು ಬಹುಪಾಲು ಕಾಲುಗಳಿಗೇ ಕೊಡುವುದು ರೂಢಿ. ಕೊರಳ ಗುಳಿಯಿಂದ ನೇರವಾಗಿ ಕೆಳಕ್ಕೆ ಇಳಿಬಿಟ್ಟ ಗೆರೆಯು ಭಾರ ಹೊತ್ತ ಪಾದದ ಮೇಲೆ ಬಿದ್ದರೆ ಆಕೃತಿ ನಿಲ್ಲುತ್ತದೆ, ತಪ್ಪಿದರೆ ಬೀಳುತ್ತದೆ. ಈ ಅತಿಶಯೋಕ್ತಿಯು ಒಡೆಯನನ್ನೂ ನಟಿಯನ್ನೂ ಒಲಿಸುವುದಕ್ಕೆ. ದರ್ಜಿಗಾದರೋ ನಿಜವಾದ ಅಳತೆ ಬೇಕು. ಆದುದರಿಂದ ಅದೇ ಹಾಳೆಯ ಮೂಲೆಯಲ್ಲಿ ಬೆನ್ನಿನ ನೋಟವನ್ನೂ, ತೆರಪು, ಕೊಕ್ಕೆ, ಒಳಚೌಕಟ್ಟುಗಳ ಸಣ್ಣ ಚಿತ್ರಗಳನ್ನೂ ಬರೆದು, ಬಟ್ಟೆಯ ತುಣುಕನ್ನು ಪಿನ್ನಿನಿಂದ ಚುಚ್ಚಿಡುವುದು ವೃತ್ತಿಯ ಧರ್ಮ. ಗರಿಯ ಕಿರೀಟದ ಭಾರವು ಕೊರಳ ಮೇಲೆ ಬೀಳದೆ ತಂತಿಯ ಚೌಕಟ್ಟಿನ ಮೂಲಕ ಭುಜಕ್ಕೂ ನಡುವಿಗೂ ಹೇಗೆ ಇಳಿಯುವುದೆಂಬುದನ್ನು ತೋರಿಸದ ಚಿತ್ರವು ಉಡುವವಳ ಪಾಲಿಗೆ ಶಿಕ್ಷೆಯೇ ಸರಿ.

ಬಣ್ಣಕ್ಕೆ ಎರ್ಟೆಯಂತಹವರು ನೆಚ್ಚಿದ್ದು ಗ್ವಾಶನ್ನು. ನಮ್ಮ ಶಾಲೆಯ ಮಕ್ಕಳು ಬಳಸುವ ಪೋಸ್ಟರ್ ಬಣ್ಣದ ದಾಯಾದಿಯಾದ ಇದು, ನೀರಿನಲ್ಲಿ ಕರಗಿದರೂ ಕಾಗದವನ್ನು ಪೂರ್ತಿಯಾಗಿ ಮುಚ್ಚಬಲ್ಲುದು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಚುಕ್ಕಿಯನ್ನಿಡಲು ಸಾಧ್ಯವಾಗುವುದು ಇಂತಹ ಬಣ್ಣದಿಂದಲೇ. ಹೊಸಬರು ಚಮಕಿಯ ಉಡುಪನ್ನು ಬರೆಯುವಾಗ ಒಂದೊಂದು ಚಮಕಿಯನ್ನೂ ಸುತ್ತಿ ಬರೆದು ಬಳಲುತ್ತಾರೆ. ಬೆಳಕಿನ ಕೆಳಗೆ ಸಾವಿರ ಚಮಕಿಗಳಲ್ಲಿ ಮಿನುಗುವುವು ಕೆಲವೇ ಎಂಬುದನ್ನು ಬಲ್ಲವರು ಮೈಯ ಉಬ್ಬುಗಳಲ್ಲಿ ತೀಕ್ಷ್ಣವಾದ ಬಿಳಿಯ ಬಿಂದುಗಳನ್ನೂ, ತಿರುವುಗಳಲ್ಲಿ ಗಾಢವಾದ ನೆರಳನ್ನೂ ಇರಿಸಿ, ಉಳಿದುದನ್ನು ನೋಡುವವರ ಕಣ್ಣಿಗೆ ಬಿಟ್ಟುಬಿಡುತ್ತಾರೆ. ಗರಿಯದೂ ಇದೇ ನ್ಯಾಯ: ಮೊದಲು ದಂಟಿನ ಬಾಗು, ಬಳಿಕ ಹೊರ ಅಂಚಿನ ಒಂದೆರಡು ಬಿಡಿ ಎಳೆಗಳು, ಅಷ್ಟೇ. ಬಣ್ಣವನ್ನು ಆರಿಸುವ ಮೊದಲು ದೀಪದವನನ್ನು ಕೇಳುವುದು ಲೇಸು. ಕೆಂಪು ಬಟ್ಟೆಯು ಹಸುರು ಬೆಳಕಿನಲ್ಲಿ ಬಹುಮಟ್ಟಿಗೆ ಕಪ್ಪಾಗುತ್ತದೆ.

ಆ ಮಿಂಚಿನ ಹಿಂದಿನ ಕೈಕೆಲಸವು ನಮಗೆ ಅಪರಿಚಿತವಾದುದಲ್ಲ. ಫ್ರಾನ್ಸಿನ ಲ್ಯೂನೆವಿಲ್ ಎಂಬ ಊರಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಕಸೂತಿಯಲ್ಲಿ, ಚೌಕಟ್ಟಿಗೆ ಬಿಗಿದ ಬಟ್ಟೆಯ ಹಿಂಬದಿಯಿಂದ ಕೊಕ್ಕೆಸೂಜಿಯನ್ನು ಚುಚ್ಚಿ, ಮುಂಬದಿಯಲ್ಲಿ ಮಣಿ ಚಮಕಿಗಳನ್ನು ವೇಗವಾಗಿ ಕೂರಿಸಲಾಗುತ್ತದೆ. ಕೊಕ್ಕೆಯ ಈ ಕಸೂತಿಯು ಯೂರೋಪಿಗೆ 18ನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಹೋದುದು. ಮದುವೆಯ ರವಿಕೆಗಳ ಮೇಲೆ ಇಂದು ನಮ್ಮ ಊರೂರಿನಲ್ಲಿ ನಡೆಯುತ್ತಿರುವ ಆರಿ ಕೆಲಸವು ಇದರ ಬಂಧುವೇ. ಮೂವತ್ತರ ದಶಕದಲ್ಲಿ ಜಿಲೆಟಿನ್‌ನಿಂದ ಮಾಡಿದ ಚಮಕಿಗಳೂ ಬಳಕೆಯಲ್ಲಿದ್ದು, ಕಾವಿಗೂ ತೇವಕ್ಕೂ ಅವು ಕರಗಿಹೋಗುತ್ತಿದ್ದುವು. ಕುಣಿದು ಬೆವರುವವಳಿಗೆ ಅಂತಹ ಉಡುಪನ್ನು ತೊಡಿಸಿದವರ ಗತಿಯನ್ನು ಊಹಿಸಬಹುದು. ಕಾಗದದ ಮೇಲಿನ ಹೊಳಪಿಗೆ ಬೆವರಿನ ಭಯವಿಲ್ಲ. ಆ ಭಯವನ್ನು ಚಿತ್ರಕಾರನೇ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಕಾರಣಸಹಿತವಾಗಿ ಸಾಧಿಸಿದವರೆಂದರೆ ಭಾನು ಅಥೈಯಾ. ಕೊಲ್ಹಾಪುರದಲ್ಲಿ ಚಿತ್ರಕಾರರ ಮನೆಯಲ್ಲಿ 1929ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮಹಿಳಾ ಪತ್ರಿಕೆಗೆ ಉಡುಪಿನ ಚಿತ್ರಗಳನ್ನು ಬರೆಯುತ್ತ ಚಲನಚಿತ್ರಕ್ಕೆ ಬಂದ ಆಕೆ, 1966ರ 'ಆಮ್ರಪಾಲಿ'ಗಾಗಿ ಅಜಂತದ ಭಿತ್ತಿಚಿತ್ರಗಳನ್ನು ಅಧ್ಯಯನ ಮಾಡಿ ವೈಜಯಂತಿಮಾಲೆಗೆ ಉಡುಪುಗಳನ್ನು ರಚಿಸಿದರು. ಹಳೆಯ ಗೋಡೆಯನ್ನು ನಕಲು ಮಾಡದೆ, ಆ ರೇಖೆಯು ಕುಣಿಯುವ ದೇಹದ ಮೇಲೆ ಹೇಗೆ ನಿಲ್ಲುವುದೆಂಬುದನ್ನು ಆಕೆ ಬಿಡಿಸಿ ನೋಡಿದರು. ಅದೇ ಕೈ 'ಗಾಂಧಿ' ಚಿತ್ರದ ಖಾದಿಯನ್ನೂ ಅಷ್ಟೇ ಶ್ರದ್ಧೆಯಿಂದ ಯೋಜಿಸಿ, ಜಾನ್ ಮೊಲೋ ಅವರೊಡನೆ 1983ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಆ ಪ್ರಶಸ್ತಿಯನ್ನು ಗಳಿಸಿದ ಮೊದಲ ಭಾರತೀಯರು ಆಕೆ. ಮಿಂಚಿನ ಉಡುಪಿಗೂ ಮಾಸಿದ ಖಾದಿಗೂ ಬೇಕಾದ ವಿವೇಕವು ಒಂದೇ ಎಂಬುದಕ್ಕೆ ಇದು ಸಾಕ್ಷಿ.

ಹಳೆಯದರ ಕಾರಣವನ್ನು ಬಲ್ಲವನು ಅದನ್ನು ಪೂಜಿಸಬಲ್ಲನಷ್ಟೇ ಅಲ್ಲ, ಅದರೊಡನೆ ಸರಸವಾಡಲೂ ಬಲ್ಲನು. 1939ರ 'ಗಾನ್ ವಿತ್ ದಿ ವಿಂಡ್' ಚಿತ್ರದಲ್ಲಿ, ಯುದ್ಧದಿಂದ ಬಡವಾದ ನಾಯಕಿಯು ಮನೆಯ ಹಸುರು ಮಖಮಲ್ಲಿನ ಪರದೆಯನ್ನು ಕಿತ್ತು ಉಡುಪಾಗಿ ಹೊಲಿಸಿಕೊಳ್ಳುವ ಸಂದರ್ಭವೊಂದಿದೆ; ಅದರ ರಚನೆ ವಾಲ್ಟರ್ ಪ್ಲಂಕೆಟ್‌ನದು. 1976ರಲ್ಲಿ ಹಾಸ್ಯನಟಿ ಕ್ಯಾರಲ್ ಬರ್ನೆಟ್ ದೂರದರ್ಶನದಲ್ಲಿ ಆ ಸನ್ನಿವೇಶವನ್ನು ಅಣಕಿಸಹೊರಟಾಗ, ಅಷ್ಟರಲ್ಲಿ ಸ್ವತಂತ್ರ ಉಡುಪುಕಾರನಾಗಿ ಹೆಸರಾಗಿದ್ದ ಬಾಬ್ ಮ್ಯಾಕಿ ಆಕೆಗೆ ಪರದೆಯನ್ನು ಅದರ ಕಂಬಿಯ ಸಮೇತ ಉಡಿಸಿದನು. ಭುಜದಿಂದ ಭುಜಕ್ಕೆ ಅಡ್ಡಲಾಗಿ ಚಾಚಿದ ಆ ಕಂಬಿಯೊಡನೆ ಆಕೆ ಮೆಟ್ಟಿಲಿಳಿದು ಬಂದುದೇ ತಡ, ಒಂದು ಮಾತೂ ಹೊರಡುವ ಮುನ್ನ ಸಭೆಯು ನಕ್ಕು ನಕ್ಕು ಸಾಕಾಯಿತು. ಈಗ ಆ ಉಡುಪು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅದರಲ್ಲಿ ಗರಿಯಿಲ್ಲ, ಕಲ್ಲಿಲ್ಲ, ಚಮಕಿಯೂ ಇಲ್ಲ. ಮೆಟ್ಟಿಲಿನಿಂದ ಪ್ರವೇಶ, ದೂರಕ್ಕೂ ತಿಳಿಯುವ ಹೊರರೇಖೆ, ನಟಿಯ ನಡಿಗೆಗೆ ಒಪ್ಪುವ ಕಟ್ಟು ಎಂಬ ಹಳೆಯ ನಿಯಮಗಳು ಮಾತ್ರ ಎಲ್ಲವೂ ಇವೆ. ಅವುಗಳಿಗೆ ಹೊಸದಾಗಿ ಸೇರಿದ್ದು ಕಾಗದದ ಮೇಲೆ ಅಡ್ಡಲಾಗಿ ಎಳೆಯಬಹುದಾದ ಒಂದೇ ಒಂದು ಗೆರೆ. ಮನ್ರೋಳ ಉಡುಪನ್ನು ಬರೆದಿದ್ದ ಕೈಗೆ ಆ ಒಂದು ಗೆರೆಯೇ ಸಾಕಾಯಿತು.